ಸಮ ಮಾಡುವ ಸುಂಕ

2024ರ ಜನವರಿಯ ಕೊನೆಯ ವಾರ. ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಪತ್ರಾಗಾರದಿಂದ ಹೊರಬಂದು ಚಹಾ ಕುಡಿಯುತ್ತಿದ್ದೆ. ಹುಬ್ಬಳ್ಳಿಯಿಂದ ಸೋದರಮಾವನ ಫೋನು ಬಂತು.

"ಏನವಾ, ನೀ ಸುಂಕದ ಇತಿಹಾಸ ಓದಾಕತ್ತೀ ಅಲ್ಲಾ? ನಮಗೂ ಒಂದು ಹೊಸಾ ಸುಂಕ ಬಂದೈತಿ ನೋಡು. ಅದೇನೋ ಎಕ್ಸೆಲ್ ಶೀಟ್ ಕಳಿಸ್ಯಾರ. ಒಂದು ಅಕ್ಷರ ತಿಳೀವಲ್ದು."

ಮಾವನದು ಗೋಕುಲ ರಸ್ತೆಯಲ್ಲಿ ನಟ್ಟು ಬೋಲ್ಟು ಮಾಡುವ ಸಣ್ಣ ವರ್ಕ್‌ಶಾಪು. ಕೆಲಸಗಾರರು ಹದಿನಾಲ್ಕು ಮಂದಿ. ಮಾಲು ಪುಣೆಯ ರಫ್ತುದಾರರೊಬ್ಬರಿಗೆ ಹೋಗುತ್ತದೆ, ಅಲ್ಲಿಂದ ಜರ್ಮನಿಗೆ. ಆ ಶೀಟು ಬಂದದ್ದು ಜರ್ಮನಿಯ ಖರೀದಿದಾರರಿಂದ. ಒಂದು ಟನ್ ಬೋಲ್ಟಿಗೆ ಎಷ್ಟು ಕಾರ್ಬನ್ ಎಂದು ಅದರ ಒಂದು ಕಾಲಂ ಕೇಳುತ್ತಿತ್ತು. ಮಾವ ಅಲ್ಲಿ 0.18 ಎಂದು ತುಂಬಿದ್ದರು. ವೈರ್ ರಾಡ್ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಉಕ್ಕಿನೊಳಗಿನ ಇಂಗಾಲದ ಪ್ರಮಾಣ ಅಷ್ಟೆಂದು ಬರೆದಿರುತ್ತದೆ. ನನಗೆ ನಗು ಬಂತು. ಕಬ್ಬಿಣದ ಒಳಗಿರುವ ಕಾರ್ಬನ್ ಅಲ್ಲ ಮಾವಾ, ಕಬ್ಬಿಣ ಮಾಡುವಾಗ ಚಿಮಣಿಯಿಂದ ಹೋಗುತ್ತದಲ್ಲ, ಆ ಕಾರ್ಬನ್ ಲೆಕ್ಕ ಕೇಳ್ತಿದ್ದಾರೆ ಎಂದೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬೋಲ್ಟಿನ್ಯಾಗ ಎಲ್ಲೈತಿ?" ಎಂದರು.

"ಬೋಲ್ಟಿನ್ಯಾಗ ಇಲ್ಲ. ಗಾಳ್ಯಾಗ ಐತಿ."

"ಮತ್ತ ಗಾಳ್ಯಾಗ ಹೋದದ್ದಕ್ಕ ಅವರ ಬಾರ್ಡರ್‌ನ್ಯಾಗ ಸುಂಕ ಹೆಂಗ?"

ಈ ಪ್ರಶ್ನೆಗೆ ಆ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ. ಆಮೇಲಿನ ದಿನಗಳಲ್ಲಿ ನನ್ನ ಸಂಶೋಧನೆಯ ಹಳೆಯ ಕಡತಗಳನ್ನು ಓದುವಾಗಲೆಲ್ಲ ಅದು ಪಕ್ಕದಲ್ಲಿ ಬಂದು ಕೂರುತ್ತಿತ್ತು. ಈ ಲೇಖನ ಆ ಪ್ರಶ್ನೆಗೆ ಇತಿಹಾಸದ ಕಡೆಯಿಂದ ಉತ್ತರ ಹುಡುಕುವ ಪ್ರಯತ್ನ.

ಸುಂಕ ನಮಗೆ ಹೊಸ ಪದವಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸುಂಕದವನ ಕಣ್ಣು ಆಗ ಇದ್ದದ್ದು ಎತ್ತಿನ ಮೇಲಿನ ಹೇರಿನ ಮೇಲೆ. ಸರಕು ಎದುರಿಗಿರುತ್ತಿತ್ತು, ಮುಟ್ಟಿ, ತೂಗಿ, ಎಣಿಸಿ ಸುಂಕ ಹಾಕಬಹುದಿತ್ತು. ಈಗ ಬಂದಿರುವ ಸುಂಕ ಸರಕನ್ನು ಬಿಟ್ಟು ಸರಕು ಹುಟ್ಟಿದ ರೀತಿಯನ್ನು ನೋಡುತ್ತದೆ. ಒಂದೇ ಅಳತೆಯ, ಒಂದೇ ಗಟ್ಟಿಯ ಎರಡು ಬೋಲ್ಟುಗಳು ಬಂದರಿನಲ್ಲಿ ಅಕ್ಕಪಕ್ಕ ಬಿದ್ದಿದ್ದರೂ ಎರಡಕ್ಕೂ ಬೇರೆ ಬೇರೆ ಹಣ ಕಟ್ಟಬೇಕಾಗಬಹುದು.

ಇದರ ಪೂರ್ತಿ ಹೆಸರು ಕಾರ್ಬನ್ ಬಾರ್ಡರ್ ಅಡ್ಜಸ್ಟ್‌ಮೆಂಟ್ ಮೆಕ್ಯಾನಿಸಂ, ಚುಟುಕಾಗಿ ಸಿಬಿಎಎಂ. ಹೆಸರಿನಲ್ಲಿ ತೆರಿಗೆ ಎಂಬ ಪದವೂ ಇಲ್ಲ, ಸುಂಕ ಎಂಬ ಪದವೂ ಇಲ್ಲ. ಇರುವುದು ಹೊಂದಾಣಿಕೆ. ಯೂರೋಪಿಯನ್ ಒಕ್ಕೂಟದ ವಾದವನ್ನು ಮೊದಲು ಅದರದೇ ಮಾತಿನಲ್ಲಿ ಕೇಳೋಣ. 2005ರಿಂದ ಅಲ್ಲಿನ ದೊಡ್ಡ ಕಾರ್ಖಾನೆಗಳು ತಾವು ಬಿಡುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡಿಗೂ ಪರವಾನಗಿ ಹೊಂದಿರಬೇಕು. ಪರವಾನಗಿಗಳನ್ನು ಮಾರುಕಟ್ಟೆಯಲ್ಲಿ ಕೊಳ್ಳಬಹುದು, ಮಾರಬಹುದು. ಆದರೆ ಹೊಗೆಗೆ ಬೆಲೆ ಏರಿದರೆ ಉಕ್ಕು, ಸಿಮೆಂಟಿನ ಕಾರ್ಖಾನೆಗಳು ಅಂಥ ಬೆಲೆ ಇಲ್ಲದ ದೇಶಕ್ಕೆ ಹೋಗಿಬಿಡಬಹುದು. ಆಗ ಯೂರೋಪಿನ ಕೆಲಸವೂ ಹೋಯಿತು, ಭೂಮಿಯ ಹೊಗೆಯೂ ಕಡಿಮೆಯಾಗಲಿಲ್ಲ. ಇದನ್ನು ಅವರು ಕಾರ್ಬನ್ ಸೋರಿಕೆ ಎನ್ನುತ್ತಾರೆ. ಸೋರಿಕೆ ತಡೆಯಲು ಇಷ್ಟು ವರ್ಷ ಆ ಕಾರ್ಖಾನೆಗಳಿಗೆ ಪರವಾನಗಿಯ ಬಹುಪಾಲನ್ನು ಉಚಿತವಾಗಿ ಕೊಟ್ಟರು. ಇನ್ನು ಉಚಿತ ಪಾಲನ್ನು ಕರಗಿಸಬೇಕು, ಅದಕ್ಕೆ ಬದಲಾಗಿ ಹೊರಗಿನಿಂದ ಬರುವ ಮಾಲಿಗೂ ಅದೇ ಬೆಲೆ ಹಾಕಬೇಕು. ಹಾಗಾದರೆ ಒಳಗಿನವರೂ ಹೊರಗಿನವರೂ ಸಮ.

ಈ ಕಾನೂನಿನ ಪ್ರಸ್ತಾವ ಹೊರಬಂದದ್ದು 2021ರ ಜುಲೈಯಲ್ಲಿ. 2023ರ ಅಕ್ಟೋಬರ್ 1ರಿಂದ ಆಮದುದಾರರು ಬರೀ ಲೆಕ್ಕ ಒಪ್ಪಿಸಬೇಕಿತ್ತು. ಮಾವನಿಗೆ ಬಂದ ಶೀಟು ಆ ಮೊದಲ ತ್ರೈಮಾಸಿಕದ್ದು. 2026ರ ಜನವರಿ 1ರಿಂದ ಹಣದ ಹೊಣೆ ಶುರುವಾಗಿದೆ. ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಹೈಡ್ರೋಜನ್, ವಿದ್ಯುತ್ತು ಇದರೊಳಗೆ ಬರುತ್ತವೆ. ಉಚಿತ ಪಾಲಿನಲ್ಲಿ 2026ಕ್ಕೆ ಶೇ. 2.5, 2030ಕ್ಕೆ ಶೇ. 48.5, 2034ಕ್ಕೆ ಪೂರ್ತಿ ಕಡಿತ. ಅದು ಕರಗಿದಷ್ಟೂ ಗಡಿಯಲ್ಲಿನ ಹೊರೆ ಏರುತ್ತದೆ.

ಈ 'ಸಮ' ಎಂಬ ಮಾತಿನ ಹತ್ತಿರ ನಾನು ನಿಂತುಬಿಟ್ಟೆ. ಏಕೆಂದರೆ ಆ ದಿನ ಪತ್ರಾಗಾರದಲ್ಲಿ ನನ್ನ ಮೇಜಿನ ಮೇಲಿದ್ದದ್ದೂ ಸಮ ಮಾಡುವ ಇನ್ನೊಂದು ಸುಂಕದ ಕಡತ.

ಅದು ಹತ್ತಿಬಟ್ಟೆಯ ಕಥೆ. ಲ್ಯಾಂಕಶೈರಿನ ಗಿರಣಿಗಳ ಒತ್ತಾಯದಿಂದ 1882ರ ಹೊತ್ತಿಗೆ ಭಾರತಕ್ಕೆ ಬರುವ ಇಂಗ್ಲೆಂಡಿನ ಬಟ್ಟೆಗೆ ಆಮದು ಸುಂಕವೇ ಇರಲಿಲ್ಲ. 1890ರ ದಶಕದಲ್ಲಿ ಬೆಳ್ಳಿಯ ಬೆಲೆ ಬಿದ್ದು ರೂಪಾಯಿ ಕುಸಿಯಿತು, ಸರ್ಕಾರದ ಬೊಕ್ಕಸ ಬರಿದಾಗತೊಡಗಿತು. 1894ರ ಮಾರ್ಚಿನಲ್ಲಿ ಆಮದಿನ ಮೇಲೆ ಮತ್ತೆ ಶೇ. 5 ಸುಂಕ ಹಾಕಿದರು. ಹತ್ತಿಬಟ್ಟೆಯನ್ನು ಮಾತ್ರ ಬಿಟ್ಟರು. ಇಲ್ಲಿ ಗದ್ದಲವೆದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ಹತ್ತಿಬಟ್ಟೆಯನ್ನೂ ಸೇರಿಸಿದರು. ಆದರೆ ಜೊತೆಗೇ, ಭಾರತದ ಗಿರಣಿಗಳ ನಯವಾದ ನೂಲಿನ ಮೇಲೆ ಅಷ್ಟೇ ಪ್ರಮಾಣದ ಅಬಕಾರಿ ತೆರಿಗೆ ಬಂತು. ಲ್ಯಾಂಕಶೈರಿಗೆ ಅದೂ ಸಾಲಲಿಲ್ಲ. 1896ರಲ್ಲಿ ನೂಲನ್ನು ಬಿಟ್ಟು, ಆಮದು ಬಟ್ಟೆಗೆ ಶೇ. 3.5, ಭಾರತದ ಗಿರಣಿಗಳಲ್ಲಿ ನೇಯ್ದ ಬಟ್ಟೆಗೂ ಶೇ. 3.5 ಎಂದು ನಿಗದಿಯಾಯಿತು.

ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಸಮವಾದದ್ದು ಇನ್ನೊಂದಿಲ್ಲ. ಎರಡೂ ತಟ್ಟೆಯಲ್ಲಿ ಮೂರೂವರೆ. ಆದರೆ ನಮ್ಮ ಗಿರಣಿಗಳು ಹೆಚ್ಚಾಗಿ ನೇಯುತ್ತಿದ್ದದ್ದು ಬಡವರು ಉಡುವ ದಪ್ಪ ಬಟ್ಟೆ, ಲ್ಯಾಂಕಶೈರಿನಿಂದ ಬರುತ್ತಿದ್ದದ್ದು ಹೆಚ್ಚಾಗಿ ನಯದ ಬಟ್ಟೆ. ಪರಸ್ಪರ ಅಷ್ಟಾಗಿ ಪೈಪೋಟಿಯೇ ಇಲ್ಲದ ಎರಡು ಮಾಲುಗಳನ್ನು ತಕ್ಕಡಿಯಲ್ಲಿಟ್ಟು ಸಮ ಮಾಡಲಾಯಿತು. ತಕ್ಕಡಿ ಯಾರ ಕೈಲಿತ್ತು ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ರಮೇಶಚಂದ್ರ ದತ್ತರು ಭಾರತದ ಆರ್ಥಿಕ ಇತಿಹಾಸ ಬರೆದಾಗ ಈ ತೆರಿಗೆಯನ್ನು ಕಟುವಾಗಿ ಟೀಕಿಸಿದರು.

ಈ ಕಥೆಯ ಕೊನೆ ಹೆಚ್ಚು ಜನರಿಗೆ ಗೊತ್ತಿಲ್ಲ. 1925ರಲ್ಲಿ ಮುಂಬಯಿಯ ಗಿರಣಿ ಮಾಲೀಕರು ವ್ಯಾಪಾರ ಬಿದ್ದಿದೆ ಎಂದು ಕೂಲಿಯಲ್ಲಿ ಶೇ. 11.5 ಕಡಿತ ಮಾಡಿದರು. ಅಬಕಾರಿ ತೆರಿಗೆ ತೆಗೆದರೆ ಕೂಲಿ ಮರಳಿಸುತ್ತೇವೆ ಎಂದರು. ಲಕ್ಷಕ್ಕೂ ಹೆಚ್ಚು ಕೆಲಸಗಾರರು ಮುಷ್ಕರ ಹೂಡಿ ತಿಂಗಳುಗಟ್ಟಲೆ ಹಸಿದಿದ್ದರು. ಡಿಸೆಂಬರಿನಲ್ಲಿ ಸರ್ಕಾರ ತೆರಿಗೆಯನ್ನು ತಡೆಹಿಡಿಯಿತು, ಕೂಲಿ ಮರಳಿತು, ಮುಷ್ಕರ ನಿಂತಿತು. ಎರಡು ದೇಶಗಳ ಗಿರಣಿಗಳನ್ನು ಸಮ ಮಾಡಲು ಹಾಕಿದ ತೆರಿಗೆ ಮೂವತ್ತು ವರ್ಷದ ಕೊನೆಗೆ ಪರೇಲಿನ ಚಾಳುಗಳಲ್ಲಿ ಒಲೆ ಆರಿಸಿ ಹೋಯಿತು.

ಹಾಗಾದರೆ ಸಿಬಿಎಎಂ ಹೊಸ ಲ್ಯಾಂಕಶೈರೇ? ದೆಹಲಿಯ ಚರ್ಚೆಗಳಲ್ಲಿ ಇದನ್ನು ಹಸಿರು ವಸಾಹತುಶಾಹಿ ಎಂದು ಕರೆಯುವವರಿದ್ದಾರೆ. ಆ ಮಾತನ್ನು ಒಪ್ಪಿ ಲೇಖನ ಮುಗಿಸುವುದು ನನಗೂ ಸುಲಭವಿತ್ತು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. 1896ರ ತೆರಿಗೆಯ ಹಿಂದೆ ಮ್ಯಾಂಚೆಸ್ಟರಿನ ಲಾಭ ಬಿಟ್ಟರೆ ಬೇರೆ ಹಿತವಿರಲಿಲ್ಲ. ಈಗ ಭೂಮಿ ನಿಜವಾಗಿಯೂ ಕಾಯುತ್ತಿದೆ. ಮಳೆಯ ಲೆಕ್ಕ ತಪ್ಪಿ ಮೊದಲು ಕಷ್ಟಕ್ಕೆ ಬೀಳುವವರು ನಮ್ಮಂಥ ದೇಶದ ರೈತರೇ. ಅಲ್ಲದೆ, ಪರಿಸರಕ್ಕಾಗಿ ಗಡಿಯಲ್ಲಿ ಬೇಲಿ ಹಾಕಿ ಗೆದ್ದ ಉದಾಹರಣೆಯೂ ಇತಿಹಾಸದಲ್ಲಿದೆ.

ಅದು ಓಝೋನ್ ಪದರದ ಕಥೆ. ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲ ಓಝೋನನ್ನು ತಿನ್ನುತ್ತಿದೆ ಎಂದು ಗೊತ್ತಾದ ಮೇಲೆ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅದರಲ್ಲಿ ಗಡಿಯ ನಿಯಮ ಬಿಗಿಯಾಗಿತ್ತು: ಒಪ್ಪಂದಕ್ಕೆ ಸೇರದ ದೇಶಗಳೊಡನೆ ಈ ಅನಿಲಗಳ ವ್ಯಾಪಾರ ನಿಷಿದ್ಧ. ಅನಿಲ ಒಳಗಿಲ್ಲದಿದ್ದರೂ ಅದನ್ನು ಬಳಸಿ ತಯಾರಿಸಿದ ಸರಕನ್ನು ತಡೆಯಬಹುದೇ ಎಂದು ಪರಿಶೀಲಿಸುವ ಮಾತೂ ಅದರಲ್ಲಿತ್ತು. ಮುಂದೆ ಅದು ಕಾರ್ಯಸಾಧ್ಯವಲ್ಲವೆಂದು ಕೈಬಿಟ್ಟರು. ಅಮೆರಿಕ ಮಾತ್ರ 1990ರಿಂದ ತನ್ನ ಸಿಎಫ್‌ಸಿ ತೆರಿಗೆಯನ್ನು ಅಂಥ ಆಮದಿಗೂ ಹಾಕಿತು. ಸರಕಿನೊಳಗೆ ಇಲ್ಲದ್ದಕ್ಕೆ ಬಾರ್ಡರಿನಲ್ಲಿ ಸುಂಕ ಹೇಗೆ ಎಂಬ ಮಾವನ ಪ್ರಶ್ನೆಗೆ ಮೂವತ್ತೈದು ವರ್ಷಗಳಷ್ಟಾದರೂ ವಯಸ್ಸಾಗಿದೆ.

ಭಾರತ ಮತ್ತು ಚೀನಾ ಮೊದಲು ಈ ಒಪ್ಪಂದಕ್ಕೆ ಸೇರಲಿಲ್ಲ. ಓಝೋನನ್ನು ತೂತು ಮಾಡಿದವರು ನೀವು, ನಮ್ಮ ಮನೆಗಳಿಗೆ ಫ್ರಿಜ್ಜು ಬರುವ ಹೊತ್ತಿಗೆ ಬಾಗಿಲು ಹಾಕುತ್ತೀರಾ ಎಂಬುದು ಇವುಗಳ ವಾದ. 1990ರಲ್ಲಿ ಲಂಡನ್ನಿನ ಸಭೆಯಲ್ಲಿ ಆಗಿನ ಪರಿಸರ ಮಂತ್ರಿ ಮೇನಕಾ ಗಾಂಧಿ ಪಟ್ಟು ಹಿಡಿದರು. ಬಡದೇಶಗಳ ಕಾರ್ಖಾನೆಗಳು ಹೊಸ ತಂತ್ರಕ್ಕೆ ಬದಲಾಗುವ ಖರ್ಚಿಗೆ ಶ್ರೀಮಂತ ದೇಶಗಳು ಹಣ ಹಾಕುವ ನಿಧಿಯೊಂದು ಅಲ್ಲಿ ಹುಟ್ಟಿತು. ಹತ್ತು ವರ್ಷದ ಹೆಚ್ಚುವರಿ ಅವಕಾಶವಂತೂ ಒಪ್ಪಂದದಲ್ಲೇ ಇತ್ತು. 1992ರಲ್ಲಿ ಭಾರತ ಸೇರಿತು. ಮುಂದೆ ಜಗತ್ತಿನ ಎಲ್ಲ ದೇಶಗಳೂ ಸೇರಿದವು, ಓಝೋನ್ ಪದರ ಈಗ ನಿಧಾನವಾಗಿ ಮಾಗುತ್ತಿದೆ.

ಹತ್ತಿಯ ಕಥೆಯನ್ನೂ ಓಝೋನಿನ ಕಥೆಯನ್ನೂ ಪಕ್ಕಪಕ್ಕ ಇಟ್ಟಾಗ ನನಗೆ ಮೂರು ಪ್ರಶ್ನೆ ಸಿಕ್ಕವು. ಸಮ ಮಾಡುತ್ತೇನೆ ಎಂದು ಬರುವ ಯಾವ ಸುಂಕಕ್ಕಾದರೂ ಇವನ್ನು ಕೇಳಬೇಕು. ತಕ್ಕಡಿ ಯಾರ ಕೈಲಿದೆ? ಲೆಕ್ಕ ಯಾವ ವರ್ಷದಿಂದ ಶುರು? ಬಂದ ಹಣ ಎಲ್ಲಿಗೆ?

ಮೊದಲು ತಕ್ಕಡಿ. ಸಿಬಿಎಎಂನಲ್ಲಿ ಅಳೆಯುವ ವಿಧಾನ ಯೂರೋಪಿನದು. ಅಳತೆಯನ್ನು ಪರಿಶೀಲಿಸುವವರಿಗೆ ಮಾನ್ಯತೆ ಕೊಡುವುದೂ ಅಲ್ಲಿನ ಸಂಸ್ಥೆಗಳೇ. ಲೆಕ್ಕ ಕೊಡಲಾಗದಿದ್ದರೆ ಯೂರೋಪೇ ಒಂದು ಅಂದಾಜು ಹಾಕುತ್ತದೆ. ಆ ಅಂದಾಜು ಹೆಚ್ಚಿನ ಮಟ್ಟದಲ್ಲೇ ಇರುತ್ತದೆ. ದೊಡ್ಡ ಕಾರ್ಖಾನೆಗೆ ಇದು ಕಷ್ಟವಲ್ಲ. ತೋರಣಗಲ್ಲಿನಂಥ ಕಡೆಯ ದೈತ್ಯ ಉಕ್ಕಿನ ಸ್ಥಾವರಕ್ಕೆ ಲೆಕ್ಕ ಇಡಲು ಒಂದು ವಿಭಾಗವೇ ಇರುತ್ತದೆ. ಆದರೆ ಮಾವ ಡೀಲರನಿಂದ ವೈರ್ ರಾಡ್ ಕೊಳ್ಳುವವರು. ಬೋಲ್ಟಿನ ಹೊಗೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ರಾಡಿನಲ್ಲೇ ಬಂದಿರುತ್ತದೆ; ಹೆಡ್ಡಿಂಗ್ ಮಷೀನು, ಥ್ರೆಡ್ ರೋಲಿಂಗಿನ ಕರೆಂಟು ಅದರ ಮುಂದೆ ಚಿಲ್ಲರೆ. ರಾಡು ಯಾವ ಕುಲುಮೆಯದು ಎಂದು ಡೀಲರನಿಗೇ ಗೊತ್ತಿರುವುದಿಲ್ಲ. 2025ರಲ್ಲಿ ಯೂರೋಪು, ವರ್ಷಕ್ಕೆ 50 ಟನ್ನಿಗಿಂತ ಕಡಿಮೆ ತರಿಸುವವರಿಗೆ ವಿನಾಯಿತಿ ಕೊಟ್ಟಿದೆ. ಆದರೆ ಆ ಮಿತಿ ಅಲ್ಲಿನ ಆಮದುದಾರನಿಗೆ. ಮಾವ ಕಳಿಸುವುದು ಇಪ್ಪತ್ತು ಟನ್ನೇ ಇರಲಿ, ಖರೀದಿದಾರ ಎಲ್ಲ ಕಡೆಯಿಂದ ಸಾವಿರ ಟನ್ ತರಿಸುವವನಾದರೆ ಲೆಕ್ಕ ಕೊಡಲೇಬೇಕು.

ಇನ್ನು ವರ್ಷದ ಪ್ರಶ್ನೆ. ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಅದಿರಿನಿಂದ ಕಲ್ಲಿದ್ದಲು ಉರಿಸಿ ಉಕ್ಕು ಮಾಡಿದರೆ ಟನ್ನಿಗೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡು ಹೊರಬರುತ್ತದೆ. ಹಳೆಯ ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಅದರ ಸಣ್ಣ ಭಾಗ ಮಾತ್ರ. ಯೂರೋಪಿನ ಉಕ್ಕಿನಲ್ಲಿ ಶೇ. 40ಕ್ಕಿಂತ ಹೆಚ್ಚು ವಿದ್ಯುತ್ ಕುಲುಮೆಯದು. ಅದಕ್ಕೆ ಮುಖ್ಯ ಆಹಾರ ಗುಜರಿ. ಅಷ್ಟೊಂದು ಗುಜರಿ ಎಲ್ಲಿಂದ ಬಂತು? ನೂರೈವತ್ತು ವರ್ಷ ಕಲ್ಲಿದ್ದಲು ಉರಿಸಿ ಕಟ್ಟಿದ ರೈಲು, ಸೇತುವೆ, ಹಡಗು, ಕಾರುಗಳು ಹಳತಾಗಿ ಗುಜರಿಯಾದವು. ಸಿಬಿಎಎಂ ಲೆಕ್ಕದಲ್ಲಿ ಗುಜರಿಗೆ ಹೊಗೆ ಸೊನ್ನೆ. ಅಂದರೆ ಅಜ್ಜ ಬಿಟ್ಟ ಹೊಗೆ ಲೆಕ್ಕದಿಂದ ಅಳಿಸಿಹೋಗಿದೆ, ಅಜ್ಜ ಬಿಟ್ಟುಹೋದ ಕಬ್ಬಿಣ ಮೊಮ್ಮಗನಿಗೆ ಶುದ್ಧ ಆಸ್ತಿಯಾಗಿದೆ. ಭಾರತದಲ್ಲಿ ಈಗಷ್ಟೇ ಮನೆ, ಮೆಟ್ರೋ, ಸೇತುವೆಗಳು ಏಳುತ್ತಿವೆ. ಅವು ಗುಜರಿಯಾಗಲು ಇನ್ನೂ ಅರ್ಧ ಶತಮಾನ ಬೇಕು. ಇಲ್ಲೂ ವಿದ್ಯುತ್ ಕುಲುಮೆಗಳು ಬೇಕಾದಷ್ಟಿವೆ. ಆದರೆ ಅವುಗಳಿಗೆ ಹೋಗುವುದು ಹೆಚ್ಚಾಗಿ ಕಲ್ಲಿದ್ದಲಿನಿಂದ ಮಾಡಿದ ಸ್ಪಾಂಜ್ ಐರನ್, ವಿದ್ಯುತ್ತು ಬರುವುದೂ ಹೆಚ್ಚಾಗಿ ಕಲ್ಲಿದ್ದಲಿನಿಂದಲೇ. ಕೈಗಾರಿಕಾ ಕ್ರಾಂತಿಯಿಂದ ಇಲ್ಲಿಯವರೆಗಿನ ಒಟ್ಟು ಇಂಗಾಲದಲ್ಲಿ ಭಾರತದ ಪಾಲು ಶೇ. 4ರ ಆಸುಪಾಸು, ಈಗಿನ ಯೂರೋಪಿಯನ್ ಒಕ್ಕೂಟದ ದೇಶಗಳದು ಅದರ ನಾಲ್ಕು ಪಟ್ಟಿಗೂ ಹೆಚ್ಚು. 1992ರ ರಿಯೋ ಸಮಾವೇಶದಲ್ಲಿ ಇದನ್ನು ಎಲ್ಲರೂ ಒಪ್ಪಿ, ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರಿಗೂ ಒಂದೇ ಅಳತೆಯದಲ್ಲ ಎಂಬ ಸೂತ್ರ ಬರೆದಿದ್ದರು. ಒಂದೇ ಟನ್ನಿಗೆ ಒಂದೇ ಬೆಲೆ ಎನ್ನುವ ಗಡಿ ಸುಂಕದಲ್ಲಿ ಆ ಸೂತ್ರಕ್ಕೆ ಜಾಗವಿಲ್ಲ. ಅತಿ ಬಡ ದೇಶಗಳಿಗೂ ಸಿಬಿಎಎಂ ವಿನಾಯಿತಿ ಕೊಟ್ಟಿಲ್ಲ.

ಕೊನೆಯದು ಹಣ. 2021ರಲ್ಲಿ ಯೂರೋಪಿಯನ್ ಆಯೋಗವೇ ಮುಂದಿಟ್ಟ ಪ್ರಸ್ತಾವದ ಪ್ರಕಾರ ಈ ಆದಾಯದ ಶೇ. 75 ಒಕ್ಕೂಟದ ಬಜೆಟ್ಟಿಗೆ. ಮಾಂಟ್ರಿಯಲ್ಲಿನ ನಿಧಿಯಂತೆ, ಹಣ ಕಟ್ಟಿದ ದೇಶದ ಕುಲುಮೆಯನ್ನು ಬದಲಿಸಲು ಅದು ಮರಳಿ ಬರಬೇಕೆಂಬ ಕಡ್ಡಾಯ ಕಾನೂನಿನಲ್ಲಿಲ್ಲ.

ಆದರೆ ಈ ಕಾನೂನಿನಲ್ಲೇ ಒಂದು ಕಿಂಡಿಯಿದೆ. ಮಾಲು ಹೊರಟ ದೇಶದಲ್ಲಿ ಆಗಲೇ ಕಾರ್ಬನ್ ಬೆಲೆ ಕಟ್ಟಿದ್ದರೆ ಅಷ್ಟನ್ನು ಕಳೆಯಬಹುದು. ಅಂದರೆ ಆ ಹಣವನ್ನು ನಾವೇ ಸಂಗ್ರಹಿಸಿದರೆ ಅದು ಇಲ್ಲೇ ಉಳಿಯುತ್ತದೆ. ಇಲ್ಲಿ ನಮ್ಮದೇ ಇತಿಹಾಸದ ಒಂದು ಪುಟ ಮುಜುಗರ ತರುತ್ತದೆ. 2010ರಲ್ಲಿ ಭಾರತ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿತು. 2016ಕ್ಕೆ ಅದು 400 ರೂಪಾಯಿಯಾಯಿತು. ಸ್ವಚ್ಛ ಇಂಧನಕ್ಕೆ ನಿಧಿ ಮಾಡುವುದು ಉದ್ದೇಶ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಹಣ ರಾಜ್ಯಗಳ ನಷ್ಟ ತುಂಬುವ ಸೆಸ್ಸಿನೊಳಗೆ ಹೋಯಿತು. ಹೊಗೆಯ ಹೆಸರಿನಲ್ಲಿ ಎತ್ತಿದ ಹಣ ಬೇರೆ ಗುಂಡಿ ತುಂಬಿತು. 2022ರ ತಿದ್ದುಪಡಿ ಕಾಯ್ದೆಯ ಬಲದಿಂದ 2023ರಲ್ಲಿ ನಮ್ಮದೇ ಕಾರ್ಬನ್ ಮಾರುಕಟ್ಟೆಯ ಯೋಜನೆ ಪ್ರಕಟವಾಗಿದೆ. ಅಲ್ಲಿ ಬರುವ ಹಣ ಎಲ್ಲಿಗೆ ಎಂಬ ಪ್ರಶ್ನೆಯನ್ನು ಬ್ರಸೆಲ್ಸಿಗೆ ಕೇಳುವಷ್ಟೇ ಗಟ್ಟಿಯಾಗಿ ದೆಹಲಿಗೂ ಕೇಳಬೇಕು. ಬಳ್ಳಾರಿ, ಕೊಪ್ಪಳದ ಸ್ಪಾಂಜ್ ಐರನ್ ಘಟಕಗಳ ಸುತ್ತ ಬಾಳುವವರಿಗೆ ಹೊಗೆ ಎನ್ನುವುದು ಯೂರೋಪಿನವರು ಹುಟ್ಟಿಸಿದ ನೆಪವಲ್ಲ. ಅದು ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕೂರುವ ಕಪ್ಪು ದೂಳು.

ಹಾಗಾಗಿ ಸುಂಕವೇ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಮಾಂಟ್ರಿಯಲ್ಲಿನಲ್ಲೂ ಬೇಲಿಯಿತ್ತು, ಬೇಲಿಯ ಜೊತೆ ಸಮಯವಿತ್ತು, ನಿಧಿಯಿತ್ತು, ಮೇಜಿನ ಸುತ್ತ ಎಲ್ಲರೂ ಕೂತಿದ್ದರು. 1896ರಲ್ಲಿ ಬೇಲಿ ಮಾತ್ರವಿತ್ತು. ಸಿಬಿಎಎಂ ಸದ್ಯಕ್ಕೆ ಉದ್ದೇಶದಲ್ಲಿ ಮಾಂಟ್ರಿಯಲ್ಲಿಗೆ ಹತ್ತಿರ, ರಚನೆಯಲ್ಲಿ 1896ಕ್ಕೆ ಹತ್ತಿರ. 2012ರಲ್ಲಿ ವಿದೇಶಿ ವಿಮಾನಗಳ ಹೊಗೆಗೂ ತನ್ನ ಬೆಲೆ ಹಾಕಲು ಹೊರಟ ಯೂರೋಪು, ಭಾರತ, ಚೀನಾ, ಅಮೆರಿಕ ಒಟ್ಟಾಗಿ ವಿರೋಧಿಸಿದಾಗ ಹಿಂದೆ ಸರಿದಿತ್ತು. ಅಂದರೆ ಈ ಕಾನೂನುಗಳು ಕಲ್ಲಿನಲ್ಲಿ ಕೊರೆದವಲ್ಲ. ಈ ಸಲ ಪಟ್ಟು ಹಿಡಿಯುವುದಾದರೆ ವಿನಾಯಿತಿಗಿಂತ ನಿಧಿಗಾಗಿ ಹಿಡಿಯಬೇಕು ಎಂದು ನನಗನ್ನಿಸುತ್ತದೆ. ಲಂಡನ್ನಿನಲ್ಲಿ ಗೆದ್ದದ್ದು ಆ ದಾರಿಯೇ.

ಮಾವನ ಶೀಟಿನ ಕಥೆ ಹೇಳಿ ಮುಗಿಸುತ್ತೇನೆ. ಡೀಲರನ ಹತ್ತಿರ ಲೆಕ್ಕ ಸಿಗಲಿಲ್ಲ. ಕೊನೆಗೆ ಮಾವ ದೊಡ್ಡ ಕಾರ್ಖಾನೆಯೊಂದರ ರಾಡು ತರಿಸಲು ಶುರುಮಾಡಿದರು. ಅದರ ಜೊತೆ ಹೀಟ್ ನಂಬರೂ ಬರುತ್ತದೆ, ಹೊಗೆಯ ಲೆಕ್ಕದ ಕಾಗದವೂ ಬರುತ್ತದೆ. ಬೆಲೆ ಹೆಚ್ಚು. ಇಪ್ಪತ್ತು ವರ್ಷದಿಂದ ರಾಡು ಕೊಡುತ್ತಿದ್ದ ಡೀಲರನ ಜೊತೆ ವ್ಯವಹಾರ ನಿಂತಿತು. ಖರ್ಚು ಸರಿದೂಗಿಸಲು ಭಾನುವಾರದ ಓವರ್‌ಟೈಮ್ ನಿಲ್ಲಿಸಿದರು. ಗಡಿಯಲ್ಲಿ ಯಾರೂ ಇನ್ನೂ ಒಂದು ಯೂರೋ ಕಟ್ಟಿರಲಿಲ್ಲ, ಆಗಲೇ ಹದಿನಾಲ್ಕು ಮಂದಿಯ ತಿಂಗಳ ಲೆಕ್ಕ ಬದಲಾಗಿತ್ತು.

ಕಳೆದ ದೀಪಾವಳಿಗೆ ಹುಬ್ಬಳ್ಳಿಗೆ ಹೋದಾಗ ವರ್ಕ್‌ಶಾಪಿನಲ್ಲಿ ಕೂತು ಮುಂದಿನ ಶೀಟು ತುಂಬಿಕೊಟ್ಟೆ. ಈಗ ಮಾವನಿಗೆ ಯಾವ ಕಾಲಮಿನಲ್ಲಿ ಏನೆಂದು ಬಾಯಿಪಾಠ. ಎರಡು ಟನ್ ಚಿಲ್ಲರೆ ಎಂದು ನಾನು ಬರೆದ ಅಂಕಿಯನ್ನು ಕನ್ನಡಕ ಏರಿಸಿ ನೋಡಿ ಕೇಳಿದರು:

"ಈ ರೊಕ್ಕಾ ಎಲ್ಲಾ ಕೂಡಿ ಕಡೀಕೆ ಯಾರಿಗೆ ಹೊಕ್ಕೈತಿ?"

1896ರ ಹಣ ಎಲ್ಲಿಗೆ ಹೋಯಿತೆಂದು ನಾನು ಕಡತ ತೆರೆದು ಹೇಳಬಲ್ಲೆ. ಈ ಹಣದ ಕಡತ ಈಗಷ್ಟೇ ಶುರುವಾಗುತ್ತಿದೆ. ಸದ್ಯಕ್ಕೆ ಅವರಿಗೇ ಮಾವಾ ಎಂದೆ. ಮಾವ ತಲೆಯಾಡಿಸಿ ಶೀಟು ಕಳಿಸು ಎಂದರು.